ಚಂದಮ್ಮನ ಉಳಿದೊಂದು ಕಣ್ಣು

ಪುಣೆಯ ಧನಕವಡಿಯಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದು ಏಳುತ್ತಿತ್ತು. ನಮ್ಮ ಅಕ್ಕ ಚಂದಮ್ಮ ಮತ್ತು ಅವಳ ಗಂಡ ಕಾಶಪ್ಪ ಅದರ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಇಟ್ಟಿಗೆ ಅಡ್ಡ ಜೋಡಿಸಿ, ತಗಡಿನ ಬಾಗಿಲು ನಿಲ್ಲಿಸಿ ಮನೆ ಮಾಡಿಕೊಂಡಿದ್ದರು. ಜೀವಮಾನವೆಲ್ಲ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿದ ಕಾಶಪ್ಪ ಈಗ ಅಲ್ಲಿಯ ಕಾವಲುಗಾರ. ಕಾವಲುಗಾರನ ಹೆಂಡತಿಗೆ ನೀರು ಹೊಡೆಯುವ ಕೆಲಸ. ಹೊಸ ಗೋಡೆ, ಹೊಸ ಸ್ಲ್ಯಾಬು ಒಣಗಿ ಬಿರಿಯಬಾರದೆಂದು ಮುಂಜಾನೆ ಸಂಜೆ ಪೈಪು ಹಿಡಿದು ತೋಯಿಸುತ್ತಿರಬೇಕು. ಪುಣೆಯ ಯಾವ ಸೈಟಿಗೆ ಹೋದರೂ ಇದೇ ಪದ್ಧತಿ. ಪಗಾರ ಗಂಡನ ಹೆಸರಿಗೆ, ಹೆಂಡತಿಯ ದುಡಿಮೆ ಅದರೊಳಗೇ ಬಂತು.

ಎರಡು ಸಾವಿರದ ಎರಡನೇ ಇಸವಿಯ ಬೇಸಗೆ. ನನ್ನ ಟೆಂಪೋದಲ್ಲಿ ಟೈಲ್ಸ್ ಹಾಕಿಕೊಂಡು ಆ ಸೈಟಿಗೆ ಹೋಗಿದ್ದೆ. ಆಳುಗಳು ಮಾಲು ಇಳಿಸುತ್ತಿರಲಿ ಎಂದು ಅಕ್ಕನನ್ನು ಮಾತಾಡಿಸಲು ಮೂರನೇ ಮಹಡಿಗೆ ಹತ್ತಿದೆ. ಅವಳು ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ನೀರು ಬಿಡುತ್ತ, ಪೈಪನ್ನು ಎಳೆದುಕೊಳ್ಳುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ಅವಳ ಬೆನ್ನ ಹಿಂದೆ ಲಿಫ್ಟಿನ ಗುಂಡಿ. ಬಾಗಿಲು ಕೂಡಿಸಿರಲಿಲ್ಲ. ಅಡ್ಡ ಇಟ್ಟಿದ್ದ ಹಲಗೆಯನ್ನು ಯಾರೋ ಪುಣ್ಯಾತ್ಮ ಅಟ್ಟಣಿಗೆಗೆಂದು ಎತ್ತಿಕೊಂಡು ಹೋಗಿದ್ದ.

"ಅಕ್ಕಾ! ನಿಂದರು!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಅವಳು ನಿಂತಳು. "ಯಾಕ ಒದರ್ಲಕತ್ತೀ ಭಾಡ್ಯಾ? ನಿನ್ನ ಟೆಂಪೋ ಹಾರ್ನಿಗಿಂತ ನಿನ್ನ ಬಾಯೇ ದೊಡ್ಡದದ."

"ಹಿಂದ ನೋಡು."

ತಿರುಗಿದಳು. ಗುಂಡಿ ಅವಳ ಕಾಲಿನಿಂದ ಒಂದು ಮೊಳ ದೂರದಲ್ಲಿ ಬಾಯಿ ತೆರೆದುಕೊಂಡಿತ್ತು. ಅದರ ಕಡೆಗೇ ಮುಖ ಮಾಡಿ, ಕಣ್ಣು ಕಿರಿದು ಮಾಡಿ, "ಏನದ ಇಲ್ಲಿ? ನೆಳ್ಳೇನು?" ಎಂದಳು.

ಓಡಿ ಹೋಗಿ ರಟ್ಟೆ ಹಿಡಿದು ಎಳೆದೆ. ಕೆಳಗೆ ಬಂದು ಹಲಗೆ ಎತ್ತಿದವನಿಗೂ, ಸೈಟಿನ ಮುಕಾದಮನಿಗೂ ಬಾಯಿಗೆ ಬಂದಂತೆ ಬೈದೆ. ಬೈದದ್ದರಿಂದ ಅಕ್ಕನ ಕಣ್ಣು ಬರುವಂತಿರಲಿಲ್ಲ. ಅವಳ ಎಡಗಣ್ಣು ಹೋಗಿ ಆಗಲೇ ಎಷ್ಟೋ ವರ್ಷವಾಗಿತ್ತು. ಉಳಿದದ್ದು ಬಲಗಣ್ಣೊಂದೇ. ಅದಕ್ಕೆ ಎದುರಿನ ಗುಂಡಿಯೂ ಕಾಣುವುದಿಲ್ಲವೆಂಬುದು ಅವತ್ತು ನನಗೆ ಗೊತ್ತಾಯಿತು.

ನಮ್ಮೂರು ಶಹಾಪುರದ ಹತ್ತಿರ. ಮದುವೆಯಾದ ವರ್ಷವೇ ಅಕ್ಕ ಗಂಡನ ಬೆನ್ನು ಹತ್ತಿ ಪುಣೆಗೆ ಬಂದಳು. ಅವ್ವ ತೀರಿಕೊಂಡ ಮೇಲೆ ನಾಲ್ಕನೇ ಇಯತ್ತೆ ಬಿಟ್ಟು ನಾನೂ ಬಂದೆ. ನನ್ನನ್ನು ಸಾಕಿದವಳು ಅವಳೇ. ತಲೆಯ ಮೇಲೆ ಸಿಂಬಿ, ಅದರ ಮೇಲೆ ಸಿಮೆಂಟು ತುಂಬಿದ ಕಬ್ಬಿಣದ ಬುಟ್ಟಿ, ಘಮೇಲೆ, ಬಿದಿರಿನ ಇಳಿಜಾರಿನ ಮೇಲೆ ಹತ್ತಿ ಇಳಿದು ಹತ್ತಿ ಇಳಿದು, ಈ ಊರಿನಲ್ಲಿ ಅವಳು ಮಾಲು ಹೊರದ ಪೇಟೆಯಿಲ್ಲ. ಬಾಯಿ ಭಾಳ ಜೋರು. ಅಟ್ಟಣಿಗೆಯ ಹಗ್ಗ ಸಡಿಲಾಗಿದೆ ಎಂದು ಅನಿಸಿದರೆ ಘಮೇಲೆ ಬೋರಲು ಹಾಕಿ ಅದರ ಮೇಲೆ ಕೂತುಬಿಡುವಳು. ಉಳಿದ ಹೆಣ್ಣಾಳುಗಳೂ ಕೂರುವರು. ಒಮ್ಮೆ ಠೇಕೇದಾರ ಬಂದು, "ಏ ಬಾಯಿ, ತೂ ಇಂಜಿನಿಯರ್ ಆಹೇಸ್ ಕಾ?" ನೀನೇನು ಇಂಜಿನಿಯರಾ ಎಂದು ಮರಾಠಿಯಲ್ಲಿ ಚೇಷ್ಟೆ ಮಾಡಿದ. ಇವಳು, "ನೀನ ಒಂದು ಸಲ ಹತ್ತಿ ಇಳಿ ಸಾಹೇಬ. ಬೀಳ್ಲಿಲ್ಲಂದ್ರ ನಾವು ಹತ್ತತೀವಿ" ಎಂದಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಹಗ್ಗ ಬಿಗಿ ಮಾಡಿಸಿದ.

ಎಡಗಣ್ಣು ಹೋದದ್ದು ಯಾರಿಗೂ ತಿಳಿಯಲೇ ಇಲ್ಲ, ಅವಳಿಗೂ. ತೊಂಬತ್ತಾರೋ ತೊಂಬತ್ತೇಳೋ ಇರಬೇಕು. ಎಡಗಡೆಯಿಂದ ಬರುವ ಹೆಂಗಸರಿಗೆ ಢಿಕ್ಕಿ ಹೊಡೆಯತೊಡಗಿದಳು. "ಚಂದವ್ವ ಮುಂಜಾನೇನೇ ಹಾಕ್ಕೊಂಡು ಬಂದಾಳ" ಎಂದು ಅವರು ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಒಂದು ದಿನ ಬಲಗಣ್ಣಿಗೆ ಸುಣ್ಣ ಸಿಡಿಯಿತು. ಕೈಯಿಂದ ಆ ಕಣ್ಣು ಮುಚ್ಚಿಕೊಂಡಳು. ನಡುಹಗಲಿನಲ್ಲಿ ಸುತ್ತ ಕತ್ತಲಾಯಿತು. ಕೈ ತೆಗೆದಳು, ಬೆಳಕು. ಮುಚ್ಚಿದಳು, ಕತ್ತಲು. ಆಗ ಕೂತಲ್ಲೇ ಅಳುವುದಕ್ಕೆ ಶುರು ಮಾಡಿದಳಂತೆ.

ದವಾಖಾನೆಯಲ್ಲಿ ಕಾಚಬಿಂದು ಎಂದರು. ಕಣ್ಣಿನೊಳಗೆ ಒತ್ತಡ ಏರಿ ಹಿಂದಿನ ನರ ಸಾಯುತ್ತದೆ, ನೋವಿಲ್ಲ ಏನಿಲ್ಲ, ಅಂಚಿನಿಂದ ನೋಟ ಕಳಚುತ್ತ ಬರುತ್ತದೆ, ಸತ್ತ ನರ ಮತ್ತೆ ಬರುವುದಿಲ್ಲ. ಬಲಗಣ್ಣಿಗೂ ಹತ್ತಿದೆ, ಅದನ್ನು ಉಳಿಸಿಕೊಳ್ಳಬೇಕಾದರೆ ಬದುಕಿರುವ ತನಕ ದಿನಾ ಎರಡು ಹೊತ್ತು ಔಷಧದ ಹನಿ ಹಾಕಬೇಕು. ಹನಿ ಹಾಕುವ ಕೆಲಸ ಕಾಶಪ್ಪ ಹಿಡಿದ. ಕರಣೆ ಹಿಡಿದು ಹಿಡಿದು ಒರಟಾದ ಬೆರಳಿನಿಂದ ಅವಳ ರೆಪ್ಪೆ ಎತ್ತಿ, ಉಸಿರು ಬಿಗಿಹಿಡಿದು, ಒಂದೇ ಹನಿ. ಜ್ವರ ಬಂದು ಮಲಗಿದ್ದಾಗಲೂ ಅವನು ಅದನ್ನು ತಪ್ಪಿಸಿದವನಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದನ್ನು ಕೇಳಿದ ಮಂದಿ ಅವನನ್ನು ಹೆಂಡತಿಯ ದರಕಾರಿಲ್ಲದ ಗಂಡಸು ಅಂದುಕೊಳ್ಳುತ್ತಾರೆ. ಹಾಗಲ್ಲ.

ಲಿಫ್ಟಿನ ಗುಂಡಿಯ ಮರುದಿನವೇ ಅವರಿಬ್ಬರನ್ನೂ ಟೆಂಪೋದಲ್ಲಿ ಕೂಡಿಸಿಕೊಂಡು ಶಿವಾಜಿನಗರದ ಕಡೆಯ ಧರ್ಮಾರ್ಥ ಕಣ್ಣಿನ ಆಸ್ಪತ್ರೆಗೆ ಹೋದೆ. ಅಲ್ಲಿ ಸುಲಭಾ ಎಂಬ ಡಾಕ್ಟರ್ ಇದ್ದರು. ಧಾರವಾಡದ ಕಡೆಯವರು. ಕನ್ನಡದ ಬಾಯಿ ಕೇಳಿ ಅಕ್ಕನಿಗೆ ಅರ್ಧ ಜೀವ ಬಂದಂತಾಯಿತು. ಅವರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು.

"ಪೊರೆ ಬಂದದರೀ, ಮೋತಿಬಿಂದು. ಕಿಡಕಿ ಕಾಜು ಮಬ್ಬಾದಂಗ. ಆ ಕಾಜು ತಗದು ಹೊಸಾ ಕಾಜು, ಲೆನ್ಸ್ ಅಂತೇವಲ್ಲ, ಅದನ್ನ ಕೂಡಸ್ಲಿಕ್ಕೆ ಬರ್ತದ."

"ಹಂಗಾದ್ರ ಕೂಡಿಸಿಬಿಡ್ರಿ" ಎಂದೆ ನಾನು.

"ತಡೀರಿ, ಪೂರ್ತಿ ಕೇಳ್ರಿ. ಬರೇ ಮೋತಿಬಿಂದು ಇದ್ದವರಿಗೆ ನಾ ಧೈರ್ಯದ್ಲೆ ಹೇಳ್ತೇನಿ, ಚೊಲೋ ಕಾಣ್ತದ ಅಂತ. ಇವರಿಗೆ ಕಾಚಬಿಂದೂನೂ ಅದ. ಕಾಜು ಎಷ್ಟ ಹೊಸಾದಿದ್ರೂ ಹಿಂದಿನ ನರ ಎಷ್ಟು ಜೀವಂತ ಇರ್ತದೋ ಅಷ್ಟ ಕಾಣೂದು. ಅದು ಎಷ್ಟು ಉಳದದ ಅಂತ ಈ ಪೊರಿ ಮರೀಯಾಗಿಂದ ನನಗ ಛಂದಾಗಿ ಕಾಣವಲ್ಲದು."

"ಅಂದ್ರ ಎಷ್ಟು ಬರ್ತದ್ರಿ ಡಾಕ್ಟರ್ ಬಾಯಾರ?" ಎಂದಳು ಅಕ್ಕ.

"ಭಾಳ ಬರಬಹುದು. ಸ್ವಲ್ಪ ಬರಬಹುದು. ನರಾ ಅಗದೀ ಸೋತಿದ್ರ, ಒಮ್ಮೊಮ್ಮೆ ಆಪರೇಷನ್ ಆದ ಮ್ಯಾಲೆ ಇದ್ದದ್ದೂ ಹೋಗ್ತದ. ಅಪರೂಪ, ಆದ್ರ ಸುಳ್ಳ ಹೇಳೂದಿಲ್ಲ ನಾ."

ನನಗೆ ರೇಗಿತು. "ಏನ್ರೀ ಇದು? ಗ್ಯಾರಂಟಿ ಇಲ್ಲದ ಮ್ಯಾಲ ಡಾಕ್ಟರ್ ಯಾಕ ಆಗೀರಿ?"

ಸುಲಭಾ ಡಾಕ್ಟರ್ ನನ್ನ ಕಡೆ ನೋಡಲೂ ಇಲ್ಲ. "ಇವ್ರು ಯಾರವಾ, ನಿನ್ನ ತಮ್ಮನೇನು?" ಎಂದರು.

"ಹೌದ್ರಿ. ಮನಸ್ಸು ಚೊಲೋದದ, ಬಾಯಿಗಿ ಬ್ರೇಕ್ ಇಲ್ಲ" ಎಂದಳು ಅಕ್ಕ.

ಒಂದು ವಾರ ಆ ಮನೆಯಲ್ಲಿ ಇದೇ ಮಾತು. ಕಾಶಪ್ಪ ಬೇಡ ಎನ್ನುವವನು. ಇದ್ದದ್ದೂ ಹೋಗಬಹುದು ಎಂದ ಆ ಒಂದು ಮಾತು ಅವನ ಎದೆಯಲ್ಲಿ ಮೊಳೆ ಹೊಡೆದು ಕೂತಿತ್ತು. ಜೇಜುರಿಗೆ ಹೋಗಿ ಮೈಲಾರಲಿಂಗನಿಗೆ ಬೇಡಿಕೊಂಡು ಬರೋಣ, ಆಮೇಲೆ ನೋಡೋಣ ಎಂದ. ನಾನು, "ಅಲ್ಲಿ ಹಾರೋ ಭಂಡಾರದ ಅರಿಶಿಣ ಕಣ್ಣಾಗ ಬಿದ್ದು ಇನ್ನಷ್ಟು ಛಂದ ಆಗ್ತದ, ಹೋಗ್ರಿ" ಎಂದು ರೇಗಾಡಿದೆ. ಅಕ್ಕ ಒಲೆಯ ಮುಂದೆ ಕೂತು ಇಬ್ಬರ ಮಾತನ್ನೂ ಕೇಳುತ್ತ ಇದ್ದಳು. ತವೆಯ ಮೇಲಿನ ರೊಟ್ಟಿ ಕರಿಯಾಗಿ ಹೊಗೆ ಎದ್ದಿತು. ಅವಳು ಮೂಗಿನಿಂದ ತಿಳಿದುಕೊಂಡು ಅದನ್ನು ಕೆಳಗಿಳಿಸಿದಳು.

"ನಿಮ್ಮಿಬ್ಬರ ಜಗಳ ಸಾಕು" ಎಂದಳು. "ರೊಟ್ಟಿ ಕಾಣವಲ್ದು, ತೆಗ್ಗು ಕಾಣವಲ್ದು. ಹಿಂಗೇ ಕುಂತ್ರ ಇನ್ನೊಂದು ವರ್ಷಕ್ಕ ಏನೂ ಕಾಣಂಗಿಲ್ಲ. ಮಾಡಿಸ್ತೀನಿ. ಹೋದ್ರ ನನ್ನ ಕಣ್ಣು ಹೋಗ್ತದ, ನಿಮ್ಮದಲ್ಲ."

ಕಾಶಪ್ಪ ಆ ರಾತ್ರಿ ಊಟ ಮಾಡಲಿಲ್ಲವಂತೆ.

ಆಪರೇಷನ್ನಿನ ದಿನ ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಒಳಗೆ ಹೋದವರು ಒಬ್ಬೊಬ್ಬರಾಗಿ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬರುತ್ತಿದ್ದರು. ಅಕ್ಕನ ನಂತರ ಒಳಗೆ ಹೋದ ಮುದುಕಿಯೂ ಬಂದಳು, ಅಕ್ಕ ಬರಲಿಲ್ಲ. ಕಾಶಪ್ಪ ಬಾಗಿಲನ್ನೇ ನೋಡುತ್ತ ತೊಡೆಗೆ ಕೈ ಒರೆಸಿಕೊಳ್ಳುತ್ತಿದ್ದ. ನಾನು ಎದ್ದು ಸಿಸ್ಟರನ್ನು ಕೇಳಿದೆ, ಕಾಯಿರಿ ಎಂದಳು. ಮತ್ತೆ ಕೇಳಿದೆ, ಹೊರಗೆ ಹೋಗಿ ಎಂದಳು. ಕೊನೆಗೆ ಸುಲಭಾ ಡಾಕ್ಟರೇ ಬಂದು, "ಆತು. ಲೆನ್ಸ್ ಕೂತದ. ಒಂದೂ ಹೊಲಿಗಿ, ಟಾಕಾ ಹಾಕಿಲ್ಲ" ಎಂದರು.

ನನಗೆ ಸಮಾಧಾನವಾಯಿತು. ಕಾಶಪ್ಪನ ಮುಖ ಮಾತ್ರ ಇನ್ನಷ್ಟು ಸಣ್ಣದಾಯಿತು.

"ಟಾಕಾ ಇಲ್ಲಂದ್ರ ಅದು ಹ್ಯಾಂಗ ನಿಲ್ತದ್ರಿ?"

"ಸಣ್ಣ ಗಾಯ, ತಾನ ಕೂಡ್ತದ. ಸ್ವಲ್ಪ ದಿನಾ ಬೇಕು. ಅಲ್ಲೀತನಕಾ ಧಕ್ಕಾ ಹತ್ತಬಾರದು, ನೀರ ಬೀಳಬಾರದು, ಭಾರ ಎತ್ತಬಾರದು. ಹನಿ ತಪ್ಪಬಾರದು. ಹೊಸಾವೂ ಹಾಕ್ರಿ, ಹಳೇ ಕಾಚಬಿಂದಿಂದೂ ಬಿಡಬ್ಯಾಡ್ರಿ."

ಇಷ್ಟನ್ನೂ ಅವರು ಸ್ಪಷ್ಟವಾಗಿಯೇ ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಾಶಪ್ಪ ಒಂದೊಂದು ಮಾತಿಗೂ ತಲೆಯಾಡಿಸಿದ.

ಮರುದಿನ ಮುಂಜಾನೆ ಪಟ್ಟಿ ಬಿಚ್ಚಿದರು. ಅಕ್ಕ ರೆಪ್ಪೆ ಮೆಲ್ಲಗೆ ತೆರೆದಳು. ನೀರು ಸುರಿಯಿತು. ಸುಲಭಾ ಡಾಕ್ಟರ್ ಬೆರಳು ಎತ್ತಿ ಎಷ್ಟು ಎಂದರು. "ಮೂರು" ಎಂದಳು. ದೂರ ಹೋಗಿ ಎಷ್ಟು ಎಂದರು. "ಎರಡ್ರಿ." ಆಮೇಲೆ ನನ್ನ ಕಡೆ ತಿರುಗಿ ಮೇಲಿಂದ ಕೆಳಗೆ ನೋಡಿದಳು.

"ಗುರಣ್ಣಾ, ಇಷ್ಟು ಹೊಲಸು ಅಂಗಿ ಹಾಕ್ಕೊಂಡು ದವಾಖಾನಿಗಿ ಬಂದೀಯೇನೋ? ಯಾರರ ನೋಡಿದ್ರ ಏನಂತಾರ!"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಾರ್ಡಿನವರೆಲ್ಲ ನಕ್ಕರು. ಸುಲಭಾ ಡಾಕ್ಟರ್ ಮಾತ್ರ ನಗಲಿಲ್ಲ. "ಇಷ್ಟಕ್ಕ ಹಿಗ್ಗಬ್ಯಾಡ್ರಿ. ಊತ ಇಳೀಲಿ, ಆಮ್ಯಾಲೆ ಒಳಗಿನ ನರಾ ನೋಡೂಣು. ಐದು ದಿನಾ ಬಿಟ್ಟು ಬರ್ರಿ" ಎಂದು ಕಪ್ಪು ಕನ್ನಡಕ ಕೊಟ್ಟು ಕಳಿಸಿದರು.

ನಾನು ಅವರನ್ನು ಸೈಟಿಗೆ ಬಿಟ್ಟು, ಯಾರದೋ ಮನೆಯ ಸಾಮಾನು ಹಾಕಿಕೊಂಡು ಕೊಲ್ಲಾಪುರಕ್ಕೆ ಹೋದೆ. ಕರಾಡದ ಹತ್ತಿರ ಟೆಂಪೋ ಕೆಟ್ಟು ನಿಂತಿತು. ಆ ಕಾಲಕ್ಕೆ ಅವರ ಹತ್ತಿರ ಫೋನಿಲ್ಲ, ನನ್ನ ಹತ್ತಿರವೂ ಇಲ್ಲ. ರಿಪೇರಿ ಮುಗಿಸಿಕೊಂಡು ತಿರುಗಿ ಬರುವ ಹೊತ್ತಿಗೆ ದವಾಖಾನೆಗೆ ಹೋಗಬೇಕಾದ ದಿನ ದಾಟಿತ್ತು. ಹೋಗಿ ಬಂದಿರುತ್ತಾರೆ ಎಂದುಕೊಂಡು ಮಧ್ಯಾಹ್ನ ನೇರವಾಗಿ ಸೈಟಿಗೆ ಹೋದೆ.

ತಗಡಿನ ಬಾಗಿಲು ಸರಿಸಿದಾಗ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಬಕೀಟು, ವಾಂತಿಯ ವಾಸನೆ. ಬಲಗಣ್ಣಿನ ಮೇಲೆ ಹತ್ತಿ ಇಟ್ಟು, ಅದರ ಮೇಲೆ ಬಿಳಿ ಬಟ್ಟೆ ಮಡಚಿ, ತಲೆಯ ಸುತ್ತ ಬಿಗಿಯಾಗಿ ಕಟ್ಟಿತ್ತು. ಗೂಡಿನಲ್ಲಿ ಔಷಧದ ಬಾಟಲಿಗಳು ಸಾಲಾಗಿ ನಿಂತಿದ್ದವು. ಹೊಸದರ ಸೀಲೂ ಒಡೆದಿರಲಿಲ್ಲ.

"ಇದೇನು? ಪಟ್ಟಿ ಯಾಕ? ದವಾಖಾನ್ಯಾಗ ಬಿಚ್ಚಿದ್ರಲ್ಲ?"

"ನಾನೇ ಕಟ್ಟೀನಿ" ಎಂದ ಕಾಶಪ್ಪ.

"ಹನಿ?"

"ಹನಿ ಹ್ಯಾಂಗ ಹಾಕ್ಲಿ? ಹಾಕ್ಬೇಕಂದ್ರ ಬಿಚ್ಚಬೇಕು. ಟಾಕಾ ಇಲ್ಲ, ಏನಿಲ್ಲ, ಬರೇ ಕೂಡಿಸ್ಯಾರ. ಹಸೀದದ. ಧಕ್ಕಾ ಹತ್ತಬಾರದು, ನೀರು ಬೀಳಬಾರದು, ಭಾರ ಬೀಳಬಾರದು ಅಂದಾರ. ಸೆಟ್ ಆಗೋತನಕ ಸೆಂಟ್ರಿಂಗ್ ಬಿಚ್ತಾರೇನೋ ಯಾರರ? ಆ ಡಾಕ್ಟರ್ ಬಾಯಾರು ದೊಡ್ಡ ಮಂದಿ, ಲಗೂ ಬಿಚ್ಚಿ ತೋರಿಸಿಬಿಟ್ರು. ನಾನು ಮತ್ತ ಕಟ್ಟಿದೆ. ಹೋದ್ರ ಮತ್ತ ಬಿಚ್ತಾರಂತ ದವಾಖಾನಿಗೂ ಹೋಗ್ಲಿಲ್ಲ. ಸ್ಲ್ಯಾಬಿಗಿ ಎಷ್ಟು ದಿನ ಬೇಕೋ ಅಷ್ಟು ದಿನ ಇರ್ಲಿ."

ಸ್ಲ್ಯಾಬು ಹಾಕಿದ ಮೇಲೆ ಕೆಳಗೆ ಕೊಟ್ಟ ಹಲಗೆ, ಆನಿಕೆಗಳನ್ನು ಅದು ಗಟ್ಟಿಯಾಗುವ ತನಕ ಬಿಚ್ಚುವುದಿಲ್ಲ. ಅವಸರ ಮಾಡಿ ಬಿಚ್ಚಿದ ಕಟ್ಟಡಗಳು ಕುಸಿದದ್ದನ್ನು ಅವನು ಕಂಡಿದ್ದ. ಅಂಥ ಒಂದರ ಕೆಳಗಿನಿಂದ ಮಂದಿಯನ್ನು ಎಳೆದು ತೆಗೆದಿದ್ದ. ಅವನಿಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ತಂದು ಹೆಂಡತಿಯ ಕಣ್ಣಿನ ಮೇಲೆ ಕಟ್ಟಿದ್ದ.

ಆದರೆ ಅವತ್ತು ನನಗೆ ಅದೆಲ್ಲ ಹೊಳೆಯಲಿಲ್ಲ. "ನಿನ್ನ ತಲೀಗಿ ನೀರು ಹೊಡಿಬೇಕು ಮಾವ!" ಎಂದು ಅವನ ಅಂಗಿಯ ಕೊರಳು ಹಿಡಿದೆ. "ಕಣ್ಣದು, ಕಣ್ಣು! ನೀ ಕಟ್ಟಿದ ಪಾಯಖಾನಿ ಅಲ್ಲ!"

"ಅವ್ರಿಗಿ ಬಿಡು" ಎಂದಳು ಅಕ್ಕ, ಗೋಡೆಯ ಕಡೆಯಿಂದಲೇ. ದನಿ ಎಲ್ಲೋ ಆಳದಲ್ಲಿತ್ತು. "ನಾನೂ ಹೂಂ ಅಂದೀನಿ. ಹಸಿ ಕಾಂಕ್ರೀಟಿನ ಮ್ಯಾಲ ಕಾಲಿಡಬಾರದು ಅಂತ ನನಗ ಗೊತ್ತಿಲ್ಲೇನು? ಬ್ಯಾನಿ ಆಗ್ಲಕತ್ಯದ ಅಂದ್ರ, ಹಿಡೀಲಕತ್ಯದ ಅಂತ ತಿಳಕೊಂಡೆ."

"ಎಷ್ಟು ದಿನದಿಂದ ಬ್ಯಾನಿ?"

"ನೀ ಹೋದ ಮರುದಿನದಿಂದ. ನಿನ್ನಿಂದ ಭಾಳದ. ತಲಿ ಸಿಡೀಲಕತ್ಯದ ತಮ್ಮಾ. ಕಣ್ಣು ಕಿತ್ತಿ ಒಗದ್ರೂ ಛಲೋ ಅನಸ್ತದ."

ಒಮ್ಮೆ ಬಟ್ಟೆ ಬಿಚ್ಚಿ ನೋಡೋಣ ಎಂದು ಗಂಟಿಗೆ ಕೈ ಹಾಕಿದೆ. ಬಿಚ್ಚಲು ಧೈರ್ಯ ಸಾಲಲಿಲ್ಲ. ಅದರ ಕೆಳಗೆ ಏನಿದೆಯೋ. ಹಾಗೇ ಇಬ್ಬರೂ ಹಿಡಿದು ಟೆಂಪೋದಲ್ಲಿ ಕೂಡಿಸಿದೆವು.

ಧನಕವಡಿಯಿಂದ ಶಿವಾಜಿನಗರ ದೂರದ ಊರೇನಲ್ಲ. ಅವತ್ತು ಮಾತ್ರ ಮುಗಿಯಲಿಲ್ಲ. ಜೋರಾಗಿ ಹೊಡೆದರೆ ರಸ್ತೆಯ ಒಂದೊಂದು ತೆಗ್ಗಿಗೂ ಅಕ್ಕ ನರಳುವಳು, ಕಾಶಪ್ಪ ಅವಳ ತಲೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು, "ಮೆಲ್ಲಕ, ಮೆಲ್ಲಕ, ಧಕ್ಕಾ ಹತ್ತಬಾರದು" ಎನ್ನುವನು. ಮೆಲ್ಲಗೆ ಹೊಡೆದರೆ ಒಳಗೆ ಕ್ಷಣಕ್ಷಣಕ್ಕೂ ನರ ಸಾಯುತ್ತಿರುತ್ತದೆ ಎಂದು ನನಗೆ ಹೆದರಿಕೆ. ಯಾವುದು ಕಣ್ಣು ಕಳೆಯುತ್ತದೆ, ಧಕ್ಕೆಯೋ ತಡವೋ, ಯಾರನ್ನು ಕೇಳಲಿ? ಸ್ವಾರಗೇಟಿನಲ್ಲಿ ಗಾಡಿಗಳು ಗಂಟು ಬಿದ್ದಿದ್ದವು. ಹಾರ್ನ್ ಒತ್ತಿ ಹಿಡಿದೆ. ಮುಂದಿನ ರಿಕ್ಷಾದವನು ಇಳಿದು ಬಂದು ಮರಾಠಿಯಲ್ಲಿ ಬೈಯಲು ಬಾಯಿ ತೆರೆದವನು, ಒಳಗೆ ನೋಡಿ, ಹೋಗಿ ತನ್ನ ರಿಕ್ಷಾ ಪಕ್ಕಕ್ಕೆ ತೆಗೆದ.

ಸುಲಭಾ ಡಾಕ್ಟರ್ ಊಟಕ್ಕೆ ಏಳುತ್ತಿದ್ದರು. ಅಕ್ಕನ ತಲೆಯ ಬಟ್ಟೆ ನೋಡಿ ಡಬ್ಬಿ ಅಲ್ಲೇ ಇಟ್ಟರು. ಕತ್ತರಿಯಿಂದ ಕತ್ತರಿಸಿ, ಹತ್ತಿಯನ್ನು ತೋಯಿಸಿ ತೋಯಿಸಿ ಬಿಡಿಸಿದರು. ಕಣ್ಣು ರಕ್ತದ ಹಾಗೆ ಕೆಂಪಾಗಿತ್ತು. ಕರಿಗುಡ್ಡೆಯ ಮೇಲೆ ಉಗಿ ಕಟ್ಟಿದಂತಿತ್ತು. ಮುಚ್ಚಿದ ರೆಪ್ಪೆಯ ಮೇಲೆ ಬೆರಳ ತುದಿಯಿಂದ ಹಗುರಾಗಿ ಮುಟ್ಟಿ ನೋಡಿದರು.

"ದೇವರೇ. ಕಲ್ಲಿನಂಗ ಗಟ್ಟಿ ಆಗೇದ."

ಹಿಂದೆ ನಿಂತಿದ್ದ ಕಾಶಪ್ಪ ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖದಲ್ಲಿ ಅವತ್ತಿನಲ್ಲಿ ಮೊದಲನೇ ಸಲ ಸ್ವಲ್ಪ ಗೆಲುವು ಕಂಡಿತು. "ಹಿಡದದೇನ್ರಿ ಹಂಗಾದ್ರ? ಗಟ್ಟಿ ಆಗ್ಯದೇನ್ರಿ?"

ಸುಲಭಾ ಡಾಕ್ಟರ್ ತಿರುಗಿ ಅವನನ್ನು ನೋಡಿದರು. ಅವರಿಗೆ ಏನೂ ತಿಳಿಯಲಿಲ್ಲ. ನಾನು ಹೇಳಿದೆ, ಸ್ಲ್ಯಾಬು, ಸೆಂಟ್ರಿಂಗು, ಸೀಲು ಒಡೆಯದ ಬಾಟಲಿ, ಎಲ್ಲ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. "ನೀವೇ ಕಾಜು ಅಂದ್ರಿ, ಕಿಡಕಿ ಅಂದ್ರಿ, ತಾನೇ ಕೂಡ್ತದ ಅಂದ್ರಿ! ಗೌಂಡಿ ಮನಷ್ಯಾಗ ಕಿಡಕಿ ಅಂದ್ರ ಅವ ಏನು ತಿಳೀಬೇಕ್ರಿ?"

ಸುಲಭಾ ಡಾಕ್ಟರ್, "ನನಗ ಬೈಯ್ಯೂದಿದ್ರ ಆಮ್ಯಾಲೆ ಬೈರಿ. ಒತ್ತಡ ಕೈ ಮೀರೇದ. ಈಗ ಈಕೀ ಕೈ ಹಿಡೀರಿ, ಡ್ರಿಪ್ ಹಚ್ಚಬೇಕು" ಎಂದರು.

ಡ್ರಿಪ್ ಹಚ್ಚಿದರು, ಗುಳಿಗೆ ನುಂಗಿಸಿದರು, ಒಂದಾದ ಮೇಲೊಂದು ಹನಿ ಹಾಕಿದರು. ನಮ್ಮನ್ನು ಹೊರಗೆ ಕಳಿಸಿದರು. ಅದೇ ಬೆಂಚು. ನಾನು ಚಹ ತಂದು ಕೊಟ್ಟೆ. ಕಾಶಪ್ಪ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತ, ಕೆನೆಗಟ್ಟಿತು. ಅವನ ಮೇಲಿನ ನನ್ನ ಸಿಟ್ಟು ಇಳಿದಿರಲಿಲ್ಲ. ಪಕ್ಕದಲ್ಲಿ ಕೂತರೂ ಮುಖ ಆ ಕಡೆ ಮಾಡಿದ್ದೆ.

"ಗುರಣ್ಣಾ" ಎಂದ. "ಗ್ವಾಡಿ ಸೊಟ್ಟ ಆತಂದ್ರ ಕೆಡವಿ ಮತ್ತ ಕಟ್ತೀವಿ. ಇದಕ್ಕ ಹಂಗಿಲ್ಲೇನು?"

ನಾನು ಅವನ ಕೈಯಿಂದ ಆರಿದ ಚಹ ತೆಗೆದು ಬದಿಗಿಟ್ಟೆ. ಅವನಿಗೂ ಉತ್ತರ ಗೊತ್ತಿತ್ತು.

ಸಂಜೆಯ ಹೊತ್ತಿಗೆ ಒತ್ತಡ ಇಳಿಯತೊಡಗಿದೆ ಎಂದರು. ಅಕ್ಕನನ್ನು ಅಲ್ಲೇ ಉಳಿಸಿಕೊಂಡರು. ನೋವು ಕಡಿಮೆಯಾಯಿತು, ವಾಂತಿ ನಿಂತಿತು, ಕೆಂಪು ದಿನದಿನಕ್ಕೆ ಇಳಿಯಿತು. ಲೆನ್ಸ್ ಜಾಗ ಬಿಟ್ಟು ಕದಲಿಲ್ಲ ಎಂದರು. ಇಷ್ಟೆಲ್ಲ ಒಳ್ಳೆಯ ಸುದ್ದಿ ಕೇಳಿದರೂ ನನಗೆ ನೆಮ್ಮದಿಯಾಗಲಿಲ್ಲ. ಯಾಕೆಂದರೆ ಎಷ್ಟು ಕಾಣುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಅಕ್ಕನೂ ಹೇಳುತ್ತಿರಲಿಲ್ಲ. ಕೇಳಿದರೆ, "ಮಬ್ಬದ. ನೋಡೋಣ" ಎನ್ನುವಳು. ಅವಳ ಬಾಯಿ ಇಷ್ಟು ಸಣ್ಣದಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಸಿಸ್ಟರ್ ಹನಿ ಹಾಕಲು ಬಂದಾಗ ಕಾಶಪ್ಪ ಗೋಡೆಗೆ ಒತ್ತಿ ನಿಂತು, ಅವಳ ಕೈಯನ್ನೇ ನೋಡುತ್ತಿದ್ದ. ತನ್ನ ಕೈ ಬೆನ್ನ ಹಿಂದೆ.

ಊತವೆಲ್ಲ ಇಳಿದ ಮೇಲೆ ಪರೀಕ್ಷೆಗೆ ಕರೆದರು. ಮೊದಲು ಗೋಡೆಯ ಮೇಲಿನ ಹಲಗೆ. ಅಕ್ಕನಿಗೆ ಓದು ಬರುವುದಿಲ್ಲವೆಂದು ಮೂರು ಕಾಲಿನ ಗುರುತು ತೋರಿಸಿ, ಕಾಲು ಯಾವ ಕಡೆ ಎಂದು ಕೇಳಿದರು. ಮೇಲೆ, ಕೆಳಗೆ, ಈ ಕಡೆ, ಆ ಕಡೆ ಎಂದು ಕೈ ಮಾಡುತ್ತ ಅವಳು ಒಂದೊಂದೇ ಸಾಲು ಇಳಿದಳು. ಸಣ್ಣ ಸಾಲಿನ ತನಕ ಬಂದಳು. ಕಾಶಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. "ಕಾಣ್ತದಲ್ಲೋ!" ಎಂದ ಕಿವಿಯಲ್ಲಿ.

ಸುಲಭಾ ಡಾಕ್ಟರ್ ಅವಳ ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತರು. "ಚಂದಮ್ಮಾ, ನನ್ನ ಮೂಗನ್ನ ನೋಡ್ರಿ. ಕಣ್ಣ ಕದಲಸಬ್ಯಾಡ್ರಿ. ಬಾಜೂದಿಂದ ಕೈ ತರ್ತೇನಿ. ಕಂಡ ಕೂಡ್ಲೆ ಹೇಳ್ರಿ."

ಬಲಗಡೆ ದೂರದಿಂದ ಕೈ ಹೊರಟಿತು. ಬೆರಳುಗಳು ಅಲುಗುತ್ತಿದ್ದವು. ನಮಗೆಲ್ಲ ಅದು ಕಾಣುತ್ತಿತ್ತು. ಕಿವಿಯ ಸಾಲಿಗೆ ಬಂತು, ಅಕ್ಕ ಮಾತಾಡಲಿಲ್ಲ. ಇನ್ನೂ ಮುಂದೆ ಬಂತು. ಹೇಳು, ಹೇಳೇ ಅಕ್ಕಾ ಎಂದು ನನ್ನೊಳಗೆ ಕೂಗುತ್ತಿತ್ತು, ಬಾಯಿ ಬಿಡಲಿಲ್ಲ. ಕೈ ಗಲ್ಲದ ಮುಂದೆ ಬಂತು, ಹೆಚ್ಚುಕಡಿಮೆ ಮೂಗಿನ ಎದುರಿಗೆ ಬಂತು.

"ಹಾಂ, ಈಗ" ಎಂದಳು.

ಮೇಲಿನಿಂದ ತಂದರು. ಕೆಳಗಿನಿಂದ ತಂದರು. ಎಲ್ಲ ಕಡೆಯೂ ಅದೇ. "ಈಗ" ಎನ್ನುವಾಗ ಪ್ರತಿ ಸಲ ಕೈ ನಡುವೆಯೇ ಇರುತ್ತಿತ್ತು. ನನ್ನ ತೋಳಿನ ಮೇಲಿನ ಕಾಶಪ್ಪನ ಹಿಡಿತ ಸಡಿಲವಾಯಿತು.

"ಎದುರಿಂದು ಸ್ಪಷ್ಟ ಅದ. ಲೆನ್ಸ್ ತನ್ನ ಕೆಲಸ ಮಾಡೇದ" ಎಂದರು ಸುಲಭಾ ಡಾಕ್ಟರ್. "ಸುತ್ತಲಿಂದು ಹೋಗೇದ. ಕೊಳವಿಯೊಳಗಿಂದ ನೋಡಿದಂಗ ಇರ್ತದ. ಅದು ತಿರುಗಿ ಬರೂದಿಲ್ಲ."

"ನಾ ಪಟ್ಟಿ ಕಟ್ಟಿದ್ದಕ್ಕ ಹೋತೇನ್ರಿ?" ಎಂದ ಕಾಶಪ್ಪ.

ಸುಲಭಾ ಡಾಕ್ಟರ್ ಹೌದು ಎಂದು ಹೇಳಿ ಮುಗಿಸಬಹುದಿತ್ತು. ಅಲ್ಲ ಎಂದು ಸುಳ್ಳನ್ನೂ ಹೇಳಬಹುದಿತ್ತು.

"ಸ್ವಲ್ಪ ಹೋಗಿರಬೇಕು. ಎಷ್ಟು ಅಂತ ಹೇಳ್ಲಿಕ್ಕೆ ನನಗ ಬರೂದಿಲ್ಲ ಕಾಶಪ್ಪ. ಆಪರೇಷನ್ನಿಗೆ ಮೊದಲ ಎಷ್ಟಿತ್ತು ಅನ್ನೂದು ಪೊರಿ ಹಿಂದ ಮುಚ್ಚಿತ್ತು. ಭಾಳಷ್ಟು ಆವಾಗ್ಲೇ ಹೋಗಿರಬಹುದು. ಯಾರಿಗೂ ಗೊತ್ತಾಗೂದಿಲ್ಲ ಇನ್ನ."

"ಇದ್ದದ್ದು ಎಷ್ಟು ದಿನ ಇರ್ತದ್ರಿ?" ಎಂದಳು ಅಕ್ಕ. ಇಡೀ ಕೋಣೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಇತ್ತು.

"ಹನಿ ಬಿಡಬ್ಯಾಡ್ರಿ. ಕರದಾಗೊಮ್ಮೆ ಬರ್ರಿ. ಒತ್ತಡ ಏರದಂಗ ನೋಡ್ಕೊಂಡ್ರ ನೀವು ಇರೂತನಕಾ ಇರಬಹುದು. ಏರಿತಂದ್ರ ಹೇಳ್ಲಿಕ್ಕಾಗೂದಿಲ್ಲ." ಆಮೇಲೆ ಅವಳ ಗದ್ದ ಹಿಡಿದು ಮುಖವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, "ಇನ್ನ ಕಣ್ಣಷ್ಟ ತಿರುಗಿಸಿದ್ರ ಸಾಲೂದಿಲ್ಲ. ಹಿಂಗ ಪೂರ್ತಿ ಮಾರಿ ತಿರುಗಿಸಬೇಕು. ನಡೀಬೇಕಾದ್ರ ಕೆಳಗೂ ನೋಡಬೇಕು" ಎಂದು ಕಲಿಸಿದರು. ಕಾಶಪ್ಪನಿಗೆ ಹೊಸ ಬಾಟಲಿ ಕೊಟ್ಟು, "ನನ್ನ ಮುಂದ ಒಂದು ಹನಿ ಹಾಕಿ ತೋರಸು" ಎಂದರು. ಮೊದಲ ಹನಿ ಅವಳ ಗಲ್ಲದ ಮೇಲೆ ಬಿತ್ತು.

"ಕಣ್ಣು ಅಲ್ಲಿ ಅದ ನೋಡ್ರಿ, ಮ್ಯಾಲ" ಎಂದಳು ಅಕ್ಕ.

ಎರಡನೆಯದು ಸರಿಯಾಗಿ ಬಿತ್ತು.

ಟೆಂಪೋವನ್ನು ರಸ್ತೆಯ ಆ ಕಡೆ ನಿಲ್ಲಿಸಿದ್ದೆ. ದಾಟಬೇಕಾಗಿತ್ತು. ಶಿವಾಜಿನಗರದ ಆ ರಸ್ತೆ, ಕೋರ್ಟ್ ಬಿಡುವ ಹೊತ್ತು. ನಾನು ಅಕ್ಕನ ಎಡಗೈ ಹಿಡಿದೆ, ಕಾಶಪ್ಪ ಬಲಗೈ. ಅವಳು ಇಬ್ಬರ ಕೈಯನ್ನೂ ಕೊಡವಿಕೊಂಡಳು.

"ನನಗ ನಡೀಲಕ ಬರ್ತದ. ನೀವಿಬ್ರೂ ಹಿಂದ ಬರ್ರಿ."

"ಅಕ್ಕಾ, ಹಟ ಮಾಡಬ್ಯಾಡ" ಎಂದೆ. ದನಿ ಜೋರಾಗಿಯೇ ಬಂತು. ಕೇಳಲಿಲ್ಲ. ಅಂಚಿಗೆ ಹೋಗಿ ನಿಂತಳು. ಹೆದರಿಕೆಯಿಂದ ನಾನು ಅವಳ ಸೆರಗಿನ ತುದಿ ಅವಳಿಗೆ ತಿಳಿಯದಂತೆ ಹಿಡಿದುಕೊಂಡೆ. ಅವಳು ಮುಖವನ್ನು ಬಲಗಡೆ ಪೂರ್ತಿ ತಿರುಗಿಸಿದಳು, ತಡೆದು ನೋಡಿದಳು. ಆಮೇಲೆ ಎಡಗಡೆ. ಕೆಳಗೆ ಕಾಲಿನ ಹತ್ತಿರ. ಮತ್ತೆ ಬಲಗಡೆ. ಮಂದಿ ನಮ್ಮನ್ನು ಬಳಸಿಕೊಂಡು ದಾಟಿ ಹೋಗುತ್ತಿದ್ದರು. ಈಗ ಖಾಲಿ ಇದೆ ಎಂದು ನನಗೆ ಅನಿಸಿ ಕಾಲು ಎತ್ತಿದೆ.

"ನಿಂದರೋ!" ಎಂದು ಅಕ್ಕ ಗದರಿದಳು. "ಬಸ್ ಬರ್ಲಕತ್ಯದ, ಕಾಣವಲ್ದೇನು?"

ತಿರುವಿನಿಂದ ಕೆಂಪು ಪಿಎಂಟಿ ಬಸ್ಸು ಬಂದು ನಮ್ಮ ಮುಂದೆಯೇ ಹಾದು ಹೋಯಿತು. ಅದರ ಗಾಳಿಗೆ ಅವಳ ಸೆರಗು ನನ್ನ ಬೆರಳಿನಿಂದ ಜಾರಿತು. ಅವಳು ಕದಲದೆ ನಿಂತಿದ್ದಳು, ಮುಖ ಮತ್ತೆ ಎಡಕ್ಕೆ ತಿರುಗುತ್ತಿತ್ತು. ಅದು ತಿರುಗಿ ಬರುವ ತನಕ ಬಲಗಡೆಯಿಂದ ಬರುವುದು ಅವಳಿಗೆ ಕಾಣುವುದಿಲ್ಲವೆಂದು ನನಗೆ ಗೊತ್ತಿತ್ತು, ಕಾಶಪ್ಪನಿಗೂ ಗೊತ್ತಿತ್ತು. ಅವನು ಹನಿಯ ಬಾಟಲಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡು ಅವಳ ಬಲಕ್ಕೆ ಬಂದು ನಿಂತ.